ಕೇಳದೆ ಅಳಿಸಿದ್ದು

ಕೆಟ್ಟ ಕಂಪ್ಯೂಟರ್ ಹೊತ್ತು ತರುವವರೆಲ್ಲ ಹೇಳುವುದು ಒಂದೇ ಮಾತು. ನಾನೇನೂ ಮಾಡಿಲ್ಲ ಶೌಕತ್ ಭಾಯ್, ಅದು ತಾನಾಗೇ ಹೀಗಾಯ್ತು. ಶಿಕಾರಿಪುರ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಾನು ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಈ ಮಾತು ಹೇಳದೆ ಒಳಗೆ ಬಂದವರನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ಕೀಬೋರ್ಡ್ ಬೋರಲು ಹಾಕಿದರೆ ಅರ್ಧ ಲೋಟ ಚಹಾ ಸುರಿಯುತ್ತದೆ, ಸಿಪಿಯು ಬಿಚ್ಚಿದರೆ ಒಳಗೆ ಹಲ್ಲಿಯ ಸಂಸಾರ ಇರುತ್ತದೆ, ಆದರೂ ಅದು ತಾನಾಗೇ ಆದದ್ದು. ನನಗೆ ಬಾಯಿ ಕಟ್ಟಿಕೊಂಡು ಕೂರುವ ಅಭ್ಯಾಸವಿಲ್ಲ. ಚಹಾ ತಾನಾಗೇ ಹಾರಿ ಬಂತಾ ಎಂದು ಕೇಳಿಯೇ ಬಿಡುತ್ತೇನೆ. ಇದರಿಂದಲೇ ಗಿರಾಕಿಗಳು ಕಮ್ಮಿಯಾಗಿದ್ದಾರೆ ಎಂದು ನನ್ನ ಹೆಂಡತಿ ಖುರ್ಷಿದಾ ಹೇಳುತ್ತಾಳೆ. ಇದ್ದರೂ ಇರಬಹುದು.

ಆ ಬುಧವಾರ ಅದೇ ಮಾತು ನನ್ನ ಬಾಯಿಂದಲೇ ಬಂತು.

ಮೊದಲು ನನ್ನ ಕೆಲಸದ ಕ್ರಮ ಹೇಳಿಬಿಡುತ್ತೇನೆ. ವಾರದ ಐದು ದಿನ ಅಂಗಡಿ. ಗುರುವಾರ ಮಾತ್ರ ಬೈಕಿಗೆ ಬ್ಯಾಗ್ ಕಟ್ಟಿಕೊಂಡು ಸೊರಬಕ್ಕೆ ಹೋಗುತ್ತೇನೆ. ಅಲ್ಲಿ ಒಂದಿಷ್ಟು ಮನೆ, ಎರಡು ಜೆರಾಕ್ಸ್ ಅಂಗಡಿ, ಒಂದು ಔಷಧಿ ಅಂಗಡಿ ನನ್ನ ಕೈಯಲ್ಲಿವೆ. ಎಲ್ಲಿ ಹೋದರೂ ಎರಡು ಪದ್ಧತಿ ಬಿಟ್ಟವನಲ್ಲ. ಒಂದು, ಏನನ್ನಾದರೂ ಅಳಿಸುವ ಮುಂಚೆ 'ಇದ್ರಲ್ಲಿ ಬೇಕಾದ್ದು ಏನಾದ್ರೂ ಇದೆಯಾ' ಎಂದು ಕೇಳುವುದು. ಇನ್ನೊಂದು, ಕೆಲಸ ಮುಗಿಸಿ ಏಳುವ ಮುಂಚೆ ನನ್ನ ಪೆನ್‌ಡ್ರೈವಿನಿಂದ ಒಂದು ಫೋಲ್ಡರ್ ಹಳೇ ಹಾಡು ಹಾಕಿಕೊಡುವುದು. ನಮ್ಮಪ್ಪ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ರಿಪೇರಿಯಾದ ಟೇಪಿನೊಳಗೆ ಒಂದು ಕ್ಯಾಸೆಟ್ ಹಾಡು ಇಟ್ಟೇ ಕೊಡುತ್ತಿದ್ದರು. ಸರಿಯಾಗಿದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ಹಾಡಿಸಿ ತೋರಿಸುವುದು ಮೇಲು ಎನ್ನುತ್ತಿದ್ದರು. ಹಾಗಾಗಿ ಈ ಎರಡು ತಾಲ್ಲೂಕಿನಲ್ಲಿ ನಾನು ಮುಟ್ಟಿದ ಯಾವ ಕಂಪ್ಯೂಟರ್ ತೆರೆದರೂ ನನ್ನ ಹಾಡುಗಳು ಸಿಗುತ್ತವೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತುತ್ತಿದ್ದೆ. ಸೊರಬದ ನಿರ್ಮಲಮ್ಮ ಬಸ್ಸಿಳಿದು ಬಂದರು. ಅರವತ್ತು ದಾಟಿದ ಹೆಂಗಸು. ಎದೆಗವಚಿಕೊಂಡಿದ್ದು ಹಾಸಿಗೆ ಬಟ್ಟೆಯಲ್ಲಿ ಸುತ್ತಿದ ಸಿಪಿಯು. ಬಸ್ಸಿನಲ್ಲಿ ಸೀಟು ಸಿಕ್ಕರೂ ಅದನ್ನು ಕೆಳಗಿಡದೆ ತೊಡೆಯ ಮೇಲೇ ಇಟ್ಟುಕೊಂಡು ಬಂದರಂತೆ. ನಾನು ಅವರ ಕೈಯಿಂದ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ತಾವೇ ಟೇಬಲ್ಲಿನ ಮೇಲೆ ಇಟ್ಟು, ಗಂಟು ಬಿಚ್ಚಿ, ಆಮೇಲೆ ಕುರ್ಚಿ ಎಳೆದುಕೊಂಡರು.

ಅವರ ಗಂಡ ಚಿಕ್ಕಬೀರಪ್ಪನವರು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರರಾಗಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ಮೊಬೈಲಿನಲ್ಲಿ ಬರೆಯಿರಿ ಎಂದು ಮನೆಯವರು ಕೊಟ್ಟರೆ ಅಕ್ಷರ ಹುಡುಕಲಾಗದೆ ಎಸೆದರಂತೆ. ಕೊನೆಗೆ ನನ್ನನ್ನು ಕರೆಸಿದರು. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹಾಕಿ, ಅದರಲ್ಲಿ ಹಳೇ ಟೈಪ್‌ರೈಟರಿನ ಕೀಲಿಮಣೆಯನ್ನೇ ಆರಿಸಿ, ಒಂದೇ ಕೈಯಲ್ಲಿ ಶಿಫ್ಟ್ ಒತ್ತಲು ಬರುವಂತೆ ಸೆಟ್ ಮಾಡಿ ಅವರ ಮುಂದಿಟ್ಟೆ. ಎಡಗೈಯ ಎರಡು ಬೆರಳು ತಾವಾಗಿಯೇ ಓಡಾಡಿದವು. ಅವರು ಹೊಡೆದ ಮೊದಲ ಸಾಲು ನನಗಿನ್ನೂ ನೆನಪಿದೆ: 'ನಿರ್ಮಲ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಎಂಟು ತಿಂಗಳಿಂದ ತಿಳಿಸಬೇಕೆಂದಿದ್ದೆ.' ಮೂವರೂ ನಕ್ಕೆವು. ಅಂದಿನಿಂದ ಆ ಕಂಪ್ಯೂಟರೇ ಅವರ ಬಾಯಿ.

ಅವರಿಗೆ ಎರಡನೇ ಸಲ ಲಕ್ವ ಹೊಡೆದು ಒಂಬತ್ತು ದಿನವಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು, ಬಾಯಿಗೆ ನಳಿಗೆ ಹಾಕಿ ಉಸಿರಾಡಿಸುತ್ತಿದ್ದರು. ಇನ್ನು ಬಾಯಿಯ ನಳಿಗೆ ಇಡಲು ಬರುವುದಿಲ್ಲ, ಗಂಟಲಿಗೆ ತೂತು ಮಾಡಿ ಅಲ್ಲಿಂದ ಹಾಕಬೇಕು, ಹಾಗೆ ಎಷ್ಟು ತಿಂಗಳೋ ಹೇಳಲಾಗದು, ಬೇಡವೆಂದರೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಸಂಜೆ ನಾಲ್ಕು ಗಂಟೆಗೆ ಡಾಕ್ಟರು ಬರುತ್ತಾರೆ, ಅಷ್ಟರೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಬೀರಪ್ಪನವರ ತಮ್ಮ ನಾಗರಾಜ್ ಪೆನ್ನು ಹಿಡಿದುಕೊಂಡು ಅಲ್ಲೇ ಕೂತಿದ್ದರು. ಅಣ್ಣ ಉಳಿಯಲಿ ಎಂಬುದೊಂದೇ ಅವರ ಮಾತು.

ಮೊದಲ ಸಲವೂ ಗಂಟಲಿಗೆ ತೂತು ಮಾಡಿ ನಲವತ್ತು ದಿನ ಇಟ್ಟಿದ್ದರು. ಆ ನಲವತ್ತು ದಿನದ ಬಗ್ಗೆ ಬೀರಪ್ಪನವರು ಒಂದು ದಿನ ಒಂದು ಥರ ಬರೆಯುತ್ತಿದ್ದರಂತೆ. ಇನ್ನೊಮ್ಮೆ ಆ ನರಕ ಬೇಡ ಎಂದು ಸೋಮವಾರ ಹೊಡೆದರೆ, ಏನಾದರಾಗಲಿ ಬದುಕಿದೆನಲ್ಲ ಎಂದು ಮಂಗಳವಾರ ಹೊಡೆಯುತ್ತಿದ್ದರು. ಇದನ್ನೊಂದು ತೀರ್ಮಾನ ಮಾಡಿಡಿ ಎಂದು ನಿರ್ಮಲಮ್ಮನೇ ಕೇಳಿಕೊಂಡಿದ್ದರು.

"ಮೂರು ದಿನ ಕೂತು ಬರ್ದಿದಾರೆ ಶೌಕತ್. ಮುಗೀಲಿ, ಎಲ್ಲಾ ಒಂದೇ ಸಲ ತೋರಿಸ್ತೀನಿ ಅಂದಿದ್ರು. ಅದ್ರಲ್ಲಿ ಏನಿದೆಯೋ ಹಂಗೇ ಮಾಡ್ತೀನಿ. ನಿನ್ನೆ ಮನೆಗೆ ಬಂದು ಕಂಪ್ಯೂಟರ್ ಹಾಕಿ ನೋಡಿದ್ರೆ ಆ ಫೋಲ್ಡರೇ ಇಲ್ಲ. ನೀನು ಅವತ್ತು ವೈರಸ್ ಅಂದಿದ್ಯಲ್ಲ, ಅದೇ ತಿಂದಿರಬೇಕು. ತೆಗ್ದುಕೊಡು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ನಿಜವಾಗಿಯೂ ಕತ್ತಿನ ಹತ್ತಿರ ಹೋಯಿತು. "ನಾನೇನೂ ಮಾಡಿಲ್ಲಮ್ಮ," ಎಂದೆ. "ವೈರಸ್ಸು ತಾನಾಗೇ ಹಂಗೆ ಮಾಡುತ್ತೆ. ನೋಡೋಣ."

ವೈರಸ್ ಇರಲಿಲ್ಲ. ಆ ಗುರುವಾರ ಕಣ್ಣ ಮುಂದೆ ಬಂದು ನಿಂತಿತು.

ಹದಿಮೂರು ದಿನದ ಹಿಂದಿನ ಮಾತು. ಕಂಪ್ಯೂಟರ್ ಬಹಳ ನಿಧಾನವಾಗಿದೆ ಎಂದು ಕರೆದಿದ್ದರು. ಹೊಸ ವಿಂಡೋಸ್ ಹಾಕಬೇಕಾಯಿತು. ಹಾಕುವ ಮುಂಚೆ ಬೀರಪ್ಪನವರನ್ನೇ ಕೇಳಿದೆ. 'ಬೇಕಾದ್ದೆಲ್ಲ ಡಿ ಡ್ರೈವ್‌ನಲ್ಲಿದೆ, ಉಳಿದದ್ದು ನಿಮ್ಮ ಚಿತ್ತ' ಎಂದು ಹೊಡೆದು ತೋರಿಸಿದರು. ಸರಿ, ಸಿ ಡ್ರೈವ್ ಒರೆಸಿ ಹೊಸದು ಹಾಕಿದೆ. ಹಳೆಯದರ ಜೊತೆ ನುಡಿಯೂ ಹೋಯಿತು. ನನ್ನ ಪೆನ್‌ಡ್ರೈವಿನಲ್ಲಿದ್ದ ನುಡಿ ಹಳೆಯದು, ಹೊಸ ವಿಂಡೋಸ್ ಅದನ್ನು ಒಪ್ಪಲಿಲ್ಲ. ಅಂದು ಅವರ ಮನೆಯ ನೆಟ್ ಕೂಡ ಇರಲಿಲ್ಲ. ಬರುವ ಗುರುವಾರ ತಂದು ಹಾಕುತ್ತೇನೆ, ಒಂದು ವಾರ ತಾನೇ ಸಾರ್ ಎಂದೆ. ಬಾಯಿ ಮುಚ್ಚಿಸಿ ಒಂದು ವಾರ ತಾನೇ ಎಂದೆ. ಇದು ಹೊಳೆಯಲು ನನಗೆ ಹದಿಮೂರು ದಿನ ಬೇಕಾಯಿತು.

ಆಮೇಲೆ ಡಿ ಡ್ರೈವ್ ತೆರೆದು ನೋಡಿದೆ. ಒಂದು ಫೋಲ್ಡರ್, ಅದರ ಹೆಸರೇ ಗಲಿಬಿಲಿ. ಒಳಗಿನ ಫೈಲು ತೆರೆದರೆ ತಲೆ ಮೇಲೆ ಚುಕ್ಕೆ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಪುಟ ತುಂಬ. ನುಡಿ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಕನ್ನಡ ಹಾಗೇ ಕಾಣುವುದು. ಕೆಲಸ ಕಲಿತ ಮೊದಲ ತಿಂಗಳಲ್ಲೇ ಇದು ಗೊತ್ತಾಗುತ್ತದೆ. ಹೆದರಬೇಡಿ, ಫಾಂಟ್ ಹಾಕಿದರೆ ಕನ್ನಡ ಬರುತ್ತದೆ ಎಂದು ನಾನೇ ನೂರು ಜನಕ್ಕೆ ಹೇಳಿದ್ದೇನೆ. ಆದರೆ ಹಿಂದಿನ ವಾರವಷ್ಟೇ ಒಂದು ರೈಸ್‌ಮಿಲ್ಲಿನಲ್ಲಿ ನಿಜವಾದ ವೈರಸ್ ಹೊಕ್ಕು ಎಲ್ಲ ಫೈಲನ್ನೂ ಕಲಸುಮೇಲೋಗರ ಮಾಡಿತ್ತು. ಮೂರು ದಿನ ಬೈಸಿಕೊಂಡಿದ್ದೆ, ತಲೆಯಲ್ಲಿ ಅದೇ ಕೂತಿತ್ತು. ಜೊತೆಗೆ ಜೆರಾಕ್ಸ್ ಅಂಗಡಿಯವನು ಎಲ್ಲಿದ್ದೀರಿ ಎಂದು ನಾಲ್ಕನೇ ಸಲ ಫೋನ್ ಮಾಡುತ್ತಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ.

ಪದ್ಧತಿ ಮಾತ್ರ ಬಿಡಲಿಲ್ಲ. ಅಡುಗೆಮನೆಯ ಕಡೆ ಕತ್ತು ತಿರುಗಿಸಿ, ಅಮ್ಮಾ, ಇಲ್ಲೊಂದು ಫೋಲ್ಡರಿಗೆ ವೈರಸ್ ಹಿಡಿದಿದೆ, ಬೇಕಾದ್ದು ಏನಾದ್ರೂ ಇದೆಯಾ ಎಂದು ಕೂಗಿದೆ. ಮಿಕ್ಸಿಯ ಸದ್ದಿನ ನಡುವೆ, ನಂಗೇನು ಗೊತ್ತಪ್ಪ, ಅವ್ರನ್ನೇ ಕೇಳು ಎಂದರು. ಅವರು ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದರು. ಕೀಬೋರ್ಡ್ ನನ್ನ ತೊಡೆಯ ಮೇಲಿತ್ತು. ಬೀರಪ್ಪನವರು ಗಂಟಲಿನಿಂದ ಏನೋ ಸದ್ದು ಮಾಡಿದರು, ಎಡಗೈ ಎತ್ತಿ ನನ್ನ ತೋಳಿನ ಮೇಲೆ ಹಾಕಿದರು. ನಾನು ಆ ಕೈ ತಟ್ಟಿದೆ. ಆಯ್ತು ಸಾರ್, ಆಯ್ತು, ಮುಗೀತು ಎಂದೆ. ಕಸದ ಬುಟ್ಟಿಯಲ್ಲೂ ಉಳಿಯದ ಹಾಗೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ. ಅದೇ ಡಿ ಡ್ರೈವಿಗೆ ಹಾಡು ತುಂಬಿ ಒಂದನ್ನು ಹಚ್ಚಿಯೂ ತೋರಿಸಿದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹಾಡು ಇಷ್ಟವಾಯಿತು ಎಂದುಕೊಂಡು ಬ್ಯಾಗ್ ಕಟ್ಟಿದೆ.

ಮುಂದಿನ ಗುರುವಾರ ಹೊಸ ನುಡಿ ಹಿಡಿದುಕೊಂಡು ಹೋದರೆ ಬಾಗಿಲಿಗೆ ಬೀಗ. ಸೋಮವಾರ ಮತ್ತೆ ಲಕ್ವ ಆಯಿತಂತೆ ಎಂದು ಪಕ್ಕದ ಮನೆಯವರು ಹೇಳಿದರು. ಪಾಪ ಎಂದುಕೊಂಡು ಔಷಧಿ ಅಂಗಡಿಯ ಪ್ರಿಂಟರ್ ನೋಡಲು ಹೋದೆ.

ಇದರಲ್ಲಿ ಒಂದಕ್ಷರವನ್ನೂ ನಾನು ನಿರ್ಮಲಮ್ಮನಿಗೆ ಹೇಳಲಿಲ್ಲ. ಫೈಲು ಸಿಕ್ಕಿಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಹಾರ್ಡ್‌ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಫೈಲು ಅಳಿಸುವುದೆಂದರೆ ಬಾಗಿಲ ಮೇಲಿನ ಹೆಸರು ಒರೆಸಿದ ಹಾಗೆ ಅಷ್ಟೆ. ಹೊಸ ಬಾಡಿಗೆಯವರು ಬಂದು ಸೇರುವವರೆಗೂ ಹಳಬರು ಒಳಗೇ ಇರುತ್ತಾರೆ. ಡಿಸ್ಕಿನ ಮೂಲೆಮೂಲೆ ಹುಡುಕುವ ತಂತ್ರಾಂಶ ಹಚ್ಚಿದೆ. ಹತ್ತು ಗಂಟೆಗೆ ಶುರುವಾಯಿತು. ಐದು ಗಂಟೆ ಬಾಕಿ ಎಂದು ತೋರಿಸಿತು. ಹೊಸ ಬಾಡಿಗೆಯವರು ಯಾರೆಂದು ನನಗೆ ಗೊತ್ತಿತ್ತು. ನನ್ನ ಹಾಡುಗಳು.

ನಿರ್ಮಲಮ್ಮ ಪರದೆಯನ್ನು ನೋಡುತ್ತ ಕೂತರು. ಶೇಕಡಾ ಹನ್ನೊಂದು, ಹನ್ನೆರಡು. ಗಿರಾಕಿಗಳು ಬಂದರು, ನಾಳೆ ಬನ್ನಿ ಎಂದು ಎಲ್ಲರನ್ನೂ ಕಳಿಸಿದೆ. ಚಹಾ ತರಿಸಿದೆ, ಅವರು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಖುರ್ಷಿದಾ ಊಟಕ್ಕೆ ಕರೆಯಲು ಫೋನ್ ಮಾಡಿದಾಗ ಸುಮ್ಮಸುಮ್ಮನೆ ಅವಳ ಮೇಲೆ ರೇಗಿದೆ. ಯಾ ಅಲ್ಲಾಹ್, ಆ ಒಂದು ಫೈಲು ಬಿಟ್ಟು ಬೇರೆ ಎಲ್ಲವೂ ಹೋಗಲಿ, ಬೇಕಾದರೆ ನನ್ನ ಅಂಗಡಿಯೂ ಹೋಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ನಡುವೆ ನಾಗರಾಜ್ ಎರಡು ಸಲ ಫೋನ್ ಮಾಡಿದರು. ಅತ್ತಿಗೆ, ಕಂಪ್ಯೂಟರ್ ಅಂಗಡಿಯಲ್ಲಿ ಕೂತುಕೊಂಡು ಅಣ್ಣನ ಜೀವದ ವಿಷಯ ತೀರ್ಮಾನ ಮಾಡ್ತೀರಾ ಎಂದು ಅವರು ಅಂದದ್ದು ನನಗೂ ಕೇಳಿಸಿತು. ನಾಲ್ಕು ಗಂಟೆಯವರೆಗೆ ಕಾಯಿ ಎಂದಷ್ಟೇ ಹೇಳಿ ನಿರ್ಮಲಮ್ಮ ಫೋನಿಟ್ಟರು.

ಆಮೇಲೆ ನನ್ನ ಕಡೆ ನೋಡದೆ ಮಾತಾಡಿದರು. "ಅವ್ರು ಬೇಡ ಅಂದಿದ್ರೆ ಮನೆಗೆ ತರ್ತೀನಿ, ಬೇಕು ಅಂದಿದ್ರೆ ಎಷ್ಟು ವರ್ಷ ಆದ್ರೂ ನೋಡ್ಕೋತೀನಿ. ನಂಗೆ ಎರಡಕ್ಕೂ ಭಯ ಇಲ್ಲ ಶೌಕತ್. ಅವ್ರು ಹೇಳಿದ್ದು ಬಿಟ್ಟು ಇನ್ನೊಂದು ಮಾಡಿಬಿಟ್ರೆ ಅಂತ ಭಯ."

ನಾನು ಮೌಸ್ ಅಲ್ಲಾಡಿಸಿ ಶೇಕಡಾ ಎಷ್ಟಾಯಿತು ಎಂದು ನೋಡಿದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಮೂರು ಗಂಟೆಗೆ ಐದು ನಿಮಿಷ ಇರುವಾಗ ಹುಡುಕಾಟ ಮುಗಿಯಿತು. ಸಿಕ್ಕಿದ ಸಾವಿರಾರು ತುಂಡುಗಳಲ್ಲಿ ದಿನಾಂಕ ನೋಡಿ ಹಿಡಿದರೆ ಆ ಫೈಲು ಇತ್ತು. ನನ್ನ ಕಂಪ್ಯೂಟರಿನಲ್ಲಿ ನುಡಿ ಇದೆ. ತೆರೆದು ಫಾಂಟ್ ಬದಲಿಸಿದೆ. ಚುಕ್ಕೆ ಟೋಪಿಗಳೆಲ್ಲ ಹೋಗಿ ಕನ್ನಡ ಕಾಣಿಸಿಕೊಂಡಿತು. ನಿರ್ಮಲಮ್ಮ ಎದ್ದು ನಿಂತು ಪರದೆಗೆ ಮುಖ ಹಚ್ಚಿದರು. ಬೀರಪ್ಪನವರು ಹೆಂಡತಿಗೂ ಕಚೇರಿಯ ಭಾಷೆಯಲ್ಲೇ ಬರೆದಿದ್ದರು.

'ಕಂಡಿಕೆ ಎರಡು. ಗ್ಯಾಸ್ ಪುಸ್ತಕವು ದೇವರ ಕೋಣೆಯ ಗೂಡಿನಲ್ಲಿ ಇರುತ್ತದೆ. ಕಂಡಿಕೆ ಮೂರು. ನೀರಿನ ಮೋಟರನ್ನು ಹದಿನೈದು ನಿಮಿಷಕ್ಕಿಂತ ಹೆಚ್ಚು ಓಡಿಸತಕ್ಕದ್ದಲ್ಲ. ಕಂಡಿಕೆ ನಾಲ್ಕು. ಕಂಪ್ಯೂಟರ್ ಕೆಟ್ಟಲ್ಲಿ ಶಿಕಾರಿಪುರದ ಶೌಕತ್ ಅಲಿಯವರನ್ನೇ ಕರೆಸುವುದು. ಅವರು ಕೇಳದೆ ಏನನ್ನೂ ಅಳಿಸುವುದಿಲ್ಲ. ಕಂಡಿಕೆ ಐದು. ಆಸ್ಪತ್ರೆಗೆ ಸಂಬಂಧಿಸಿದಂತೆ ಮೇಲ್ಕಂಡ ಕಂಡಿಕೆ ಒಂದರಂತೆಯೇ ಕ್ರಮ ವಹಿಸುವುದು. ನಾಗರಾಜ ಅತ್ತರೂ ಬದಲಾಯಿಸತಕ್ಕದ್ದಲ್ಲ.'

"ಒಂದು ಎಲ್ಲಿದೆ?" ಎಂದರು ನಿರ್ಮಲಮ್ಮ.

ಪುಟ ಮೇಲೆ ಸರಿಸಿದೆ. ಕಂಡಿಕೆ ಎರಡರ ಮೇಲೆ ಒಂದು ಪುಟದಷ್ಟು ಕಸ. ಫಾಂಟ್ ಬದಲಿಸಿದೆ, ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ಯಾವ ಫಾಂಟಿಗೂ ಅದು ಕನ್ನಡವಾಗಲಿಲ್ಲ, ಏಕೆಂದರೆ ಅದು ಅಕ್ಷರವೇ ಅಲ್ಲ. ಕಸದ ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲು ಮಾತ್ರ ಓದಲು ಬರುತ್ತಿತ್ತು. ನಾನು ಹಾಕಿಕೊಟ್ಟ ಫೋಲ್ಡರಿನ ಹದಿನಾಲ್ಕನೇ ಹಾಡಿನ ಹೆಸರು. ಬೀರಪ್ಪನವರ ಒಂದನೇ ಕಂಡಿಕೆಯ ಮೇಲೆ ನನ್ನ ಹಾಡು ಕೂತುಬಿಟ್ಟಿತ್ತು.

ಇದು ಏನು, ಇದ್ಯಾಕೆ ಹೀಗಿದೆ ಎಂದು ಅವರು ಕೇಳಿದರು. ವೈರಸ್ ತಿಂದದ್ದು ಇಷ್ಟೇ ಅಮ್ಮ, ಮಿಕ್ಕಿದ್ದು ಉಳಿದಿದೆ ಎಂದೆ. ಅಷ್ಟಾದ ಮೇಲೂ ಸುಳ್ಳೇ ಬಂತು. ಅವರು ಕೂತರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೇಲ್ಕಂಡ, ಮೇಲ್ಕಂಡ ಎಂದು ಎರಡು ಸಲ ಹೇಳಿಕೊಂಡರು. ನಾಗರಾಜನಿಗೆ ಏನು ಹೇಳಲಿ ಎಂದು ನನ್ನನ್ನೇ ಕೇಳಿದರು. ಮೂರೂಕಾಲಾಗಿತ್ತು.

ಏನೂ ಮಾಡಲು ತೋಚದವನು ಅವರ ಡಿಸ್ಕನ್ನೇ ಮತ್ತೆ ಮತ್ತೆ ತೆರೆಯುತ್ತಿದ್ದೆ. ಬೇರೆಲ್ಲಾದರೂ ಒಂದು ಪ್ರತಿ ಇದ್ದೀತು ಎಂಬ ಆಸೆ. ಡಿ ಡ್ರೈವ್ ಮುಗಿಸಿ ಸಿ ಡ್ರೈವಿಗೆ ಬಂದೆ. ಅದು ನಾನೇ ಒರೆಸಿ ಹೊಸದು ಮಾಡಿದ್ದು, ಅಲ್ಲೇನೂ ಇರಲು ಸಾಧ್ಯವಿಲ್ಲ. ಆದರೆ ಡೆಸ್ಕ್‌ಟಾಪ್ ಜಾಗದಲ್ಲಿ ಒಂದು ಫೈಲು ಕೂತಿತ್ತು. ಅರ್ಥವಿಲ್ಲದ ಆರೇಳು ಇಂಗ್ಲಿಷ್ ಅಕ್ಷರ ಅದರ ಹೆಸರು. ಕಸ ಎಂದುಕೊಂಡು ಬೆರಳು ಅಭ್ಯಾಸಬಲದಿಂದ ಡಿಲೀಟ್ ಕೀಲಿಯ ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು.

"ಅಮ್ಮಾ," ಎಂದೆ. "ಇದ್ರಲ್ಲಿ ಬೇಕಾದ್ದು ಏನಾದ್ರೂ ಇದೆಯಾ?"

ನಿರ್ಮಲಮ್ಮ ಕಣ್ಣೊರೆಸಿಕೊಂಡು ನೋಡಿದರು. "ಅದಾ? ನೀನು ಹೋದ ಮೇಲೆ ನಾಲ್ಕು ದಿನ ಅದನ್ನೇ ಕುಟ್ಟಿದಾರೆ. ಬರೀ ಇಂಗ್ಲಿಷು, ಹುಚ್ಚುಚ್ಚಾಗಿ. ಕನ್ನಡ ಇಲ್ಲ, ಶೌಕತ್ ಬಂದು ಹಾಕ್ತಾನೆ, ಸುಮ್ನೆ ಇರಿ ಅಂದ್ರೂ ಬಿಡ್ಲಿಲ್ಲ. ನನ್ನ ಕೈ ಹಿಡ್ದು ಅದನ್ನ ತೋರಿಸೋರು, ತೋರಿಸೋರು. ತಲೆಗೆ ಏನೋ ಆಯ್ತು ಅಂದ್ಕೊಂಡೆ. ಸೋಮವಾರ ಬೆಳಿಗ್ಗೆ ಕುಟ್ತಾ ಕುಟ್ತಾನೇ ಬಿದ್ರು."

ಫೈಲು ತೆರೆದೆ. ಎಂಟು ಹತ್ತು ಸಾಲು. ಮೊದಲ ನೋಟಕ್ಕೆ ಮಗು ಕೀಬೋರ್ಡ್ ಬಡಿದ ಹಾಗಿತ್ತು. ಆದರೆ ಮೊದಲ ಸಾಲಿನ ಅಕ್ಷರಗಳೇ ಮೂರನೇ ಸಾಲಿನಲ್ಲೂ ಅದೇ ಕ್ರಮದಲ್ಲಿದ್ದವು. ಐದನೆಯದರಲ್ಲೂ ಅವೇ. ತಲೆ ಕೆಟ್ಟವರು ಒಂದೇ ತಪ್ಪನ್ನು ಮೂರು ಸಲ ಹೀಗೆ ಅಚ್ಚುಕಟ್ಟಾಗಿ ಮಾಡುವುದಿಲ್ಲ. ನನಗೆ ಅರ್ಥವಾಯಿತು. ಬೀರಪ್ಪನವರು ಕನ್ನಡವನ್ನೇ ಹೊಡೆದಿದ್ದರು. ಮೂವತ್ತೊಂದು ವರ್ಷ ಹೊಡೆದ ಟೈಪ್‌ರೈಟರಿನ ಕೀಲಿಗಳನ್ನು ಹೊಡೆದ ಹಾಗೆಯೇ ಹೊಡೆದಿದ್ದರು. ನುಡಿ ಇಲ್ಲದ ಕಂಪ್ಯೂಟರ್ ಆ ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರವನ್ನು ತೋರಿಸುತ್ತ ಹೋಗಿತ್ತು. ಪರದೆಯ ಮೇಲೆ ಏನು ಬೀಳುತ್ತಿದೆ ಎಂದು ಅವರಿಗೆ ಕಾಣುತ್ತಿತ್ತು. ಆದರೂ ಹೊಡೆದಿದ್ದರು. ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ನುಡಿ ಇರುವ ಕಡೆ ಒತ್ತಿದರೆ ಕನ್ನಡ ಬರುತ್ತದೆಂದು ಗೊತ್ತಿರುವವನು ಈ ಸುತ್ತಿನಲ್ಲಿ ಒಬ್ಬನೇ ಇದ್ದ. ಅವನು ಗುರುವಾರ ಬರುತ್ತೇನೆ ಎಂದು ಹೇಳಿ ಹೋಗಿದ್ದ.

ನುಡಿಯಲ್ಲಿ ಟೈಪ್‌ರೈಟರ್ ಕೀಲಿಮಣೆ ಆರಿಸಿ, ಸ್ಕ್ರೋಲ್ ಲಾಕ್ ಒತ್ತಿ ಕನ್ನಡಕ್ಕೆ ತಿರುಗಿಸಿದೆ. ನೀವು ಈ ಅಕ್ಷರ ಒಂದೊಂದಾಗಿ ಓದಿ ಅಮ್ಮ, ನಾನು ಒತ್ತುತ್ತೇನೆ ಎಂದೆ. ಯಾಕೆ ಏನು ಎಂದು ಕೇಳದೆ ಅವರು ಪರದೆಯ ಮೇಲೆ ಬೆರಳಿಟ್ಟು ಓದತೊಡಗಿದರು. ಎಫ್, ಆಮೇಲೆ ಎಸ್, ಆಮೇಲೆ ಕೆ. ಒಂದೊಂದು ಕೀಲಿಗೂ ಪಕ್ಕದ ಕಿಟಕಿಯಲ್ಲಿ ಅಕ್ಷರದ ಒಂದೊಂದು ಚೂರು ಮೂಡಿತು. ಒಂದೇ ಕೈಯಲ್ಲಿ ಶಿಫ್ಟ್ ಒತ್ತುವ ಸೆಟ್ಟಿಂಗನ್ನೂ ಹೊಸ ವಿಂಡೋಸಿನಲ್ಲಿ ನಾನು ಮರೆತಿದ್ದೆ. ಹಾಗಾಗಿ ಅಲ್ಲಲ್ಲಿ ಅಕ್ಷರ ಅರ್ಧಂಬರ್ಧ, ಆದರೆ ಓದಲು ಅಡ್ಡಿಯಿರಲಿಲ್ಲ. ಮೊದಲ ಪದ ಮೂಡಿತು. ನನ್ನ ಹೆಸರು.

'ಶೌಕತ್‌ಗೆ.'

ನಿರ್ಮಲಮ್ಮ ನನ್ನ ಮುಖ ನೋಡಿದರು. ಮುಂದೆ ಓದಿ ಎಂದೆ. ಓದಿದರು, ಒತ್ತಿದೆ. 'ನೀನು' ಎಂದು ಬಂತು. ಆಮೇಲಿನ ಪದದ ಮೊದಲೆರಡು ಅಕ್ಷರ ಬಂದ ಕೂಡಲೇ ಅದು ಯಾವ ಪದ ಎಂದು ನನಗೆ ತಿಳಿದುಹೋಯಿತು. ಬೆರಳು ನಿಂತವು. ಕೀಲಿ ಸಿಗುತ್ತಿಲ್ಲ ಎನ್ನಬಹುದಿತ್ತು. ಇದೂ ಕೆಟ್ಟಿದೆ ಎನ್ನಬಹುದಿತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತೆಂಟು. ನಿರ್ಮಲಮ್ಮ ಮುಂದಿನ ಅಕ್ಷರ ಓದಿ ಕಾಯುತ್ತಿದ್ದರು. ನಾನು ಒತ್ತಿದೆ.

'ಶೌಕತ್‌ಗೆ. ನೀನು ಅಳಿಸಿದ್ದು ನೋಡಿದೆ. ಬೇಡ ಎಂದೆ. ನೀನು ನನ್ನ ಕೈ ತಟ್ಟಿದೆ.'

ನಾನು ತಲೆ ಎತ್ತಲಿಲ್ಲ. ಮುಂದಿನ ಅಕ್ಷರ ಕೇಳಿಸಿತು, ಮೊದಲಿಗಿಂತ ಮೆಲ್ಲಗೆ. ಅದಾದ ಮೇಲೆ ಇನ್ನೊಂದು. ನಾನು ಒತ್ತುತ್ತ ಹೋದೆ.

'ನಿರ್ಮಲಳಿಗೆ ತಿಳಿಸು. ಗಂಟಲಿಗೆ ತೂತು ಬೇಡ. ಮನೆಗೆ ತರಲಿ. ಇದು ಕೊನೆಯ ತೀರ್ಮಾನ.'

ಮುಂದಿನ ಸಾಲುಗಳೆಲ್ಲ ಅದೇ. ನಾಲ್ಕು ದಿನ ಅದನ್ನೇ ಹೊಡೆದಿದ್ದರು. ಕೊನೆಯ ಸಾಲು ಮಾತ್ರ ಅರ್ಧಕ್ಕೆ ನಿಂತಿತ್ತು. ಅದರಲ್ಲಿದ್ದುದು ನನ್ನ ಹೆಸರಷ್ಟೇ.

ನಿರ್ಮಲಮ್ಮ ಫೋನ್ ತೆಗೆದು ನಾಗರಾಜ್‌ಗೆ ಹಚ್ಚಿದರು. ಸೈನ್ ಹಾಕಬೇಡ, ತೂತು ಬೇಡ ಎಂದು ನಿಮ್ಮಣ್ಣ ಬರೆದಿದ್ದಾರೆ, ನಾನು ಓದಿದ್ದೇನೆ, ಬಸ್ಸು ಹತ್ತುತ್ತೇನೆ ಎಂದರು. ಆ ಕಡೆ ನಾಗರಾಜ್ ಅಳುವುದು ಕೇಳುತ್ತಿತ್ತು. ಯಾವಾಗ ಬರೆದದ್ದು, ಯಾರಿಗೆ ಬರೆದದ್ದು ಎಂದು ಅವರು ಕೇಳಿರಬೇಕು. "ಸೋಮವಾರ," ಎಂದರು ನಿರ್ಮಲಮ್ಮ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಫೋನಿಟ್ಟು ಹಾಸಿಗೆ ಬಟ್ಟೆಯನ್ನು ಸಣ್ಣಗೆ ಮಡಚಿ ಚೀಲಕ್ಕೆ ಹಾಕಿಕೊಂಡರು. ವೈರಸ್ ಇರಲಿಲ್ಲ ಅಮ್ಮ, ನಾನೇ ಅಳಿಸಿದ್ದು ಎಂದೆ. ಹೇಳಬೇಕಾದ ಹೊತ್ತು ಕಳೆದ ಮೇಲೆ ಹೇಳಿದ ಮಾತು ಅದು, ಯಾರಿಗೂ ಬೇಕಿರಲಿಲ್ಲ. ಕಾಲಿಗೆ ಬೀಳೋಣ ಎನಿಸಿತು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಡಾಕ್ಟರಿಗೆ ತೋರಿಸಬೇಕು, ಇದನ್ನು ಕಾಗದದ ಮೇಲೆ ತೆಗೆದುಕೊಡು ಎಂದಷ್ಟೇ ಹೇಳಿದರು.

ಪ್ರಿಂಟರ್ ಹಾಕಿದೆ. ಮೊದಲ ನಾಲ್ಕು ವಾಕ್ಯ ಆಸ್ಪತ್ರೆಗೆ ಸಂಬಂಧಪಟ್ಟದ್ದಲ್ಲ, ಡಾಕ್ಟರಿಗೆ ಅದರಿಂದ ಏನಾಗಬೇಕು ಎಂದು ಒಂದು ಗಳಿಗೆ ಮನಸ್ಸಿಗೆ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ.

"ಮೇಲಿನದು ತೆಗೀಲಾ ಅಮ್ಮ?" ಎಂದು ಕೇಳಿದೆ.

ಬಾಗಿಲಲ್ಲಿ ನಿಂತಿದ್ದ ನಿರ್ಮಲಮ್ಮ ತಿರುಗಿದರು. "ಒಂದಕ್ಷರಾನೂ ಅಳಿಸ್ಬೇಡ," ಎಂದರು.

ಗುಂಡಿ ಒತ್ತಿದೆ. ಕಾಗದ ಮೆಲ್ಲಗೆ ಹೊರಗೆ ಬಂತು, ಎಲ್ಲಕ್ಕಿಂತ ಮೇಲೆ ನನ್ನ ಹೆಸರು.